ಹಿರಿಯವನ ಮೀಸೆ

"ಇನ್ನೂ ಎಷ್ಟು ದಿನ ಅಂತ ಹೀಗೆ ದುಃಖ ಮಾಡ್ತೀಯೋ, ಮಗನೇ?"

ಪಕ್ಕದ ಮನೆಯ ಶಂಕ್ರಿ ಹೀಗೆ ಕೇಳಿದಾಗ ಅವಳ ಎದುರಿಗೆ ಯಾರೂ ಇರಲಿಲ್ಲ. ಪಾಚಿ ಹಿಡಿದ ಮೆಟ್ಟಿಲುಗಳಿದ್ದವು, ಕೊನೆಯ ಮೆಟ್ಟಿಲನ್ನು ನೆಕ್ಕುತ್ತಿದ್ದ ಕಡಲಿತ್ತು, ಮಗುಚಿಟ್ಟ ಬುಟ್ಟಿಯಿತ್ತು. ಅವಳ ಹಿರಿಯವನು ಮಾದೇವ ಆ ಬೆಳಿಗ್ಗೆಯೂ ಬರಿಬಾಯಲ್ಲಿ ಬಂದು, ಮೆಟ್ಟಿಲಿಗೆ ಗಲ್ಲ ಊರಿ ಸ್ವಲ್ಪ ಹೊತ್ತು ಮಲಗಿ, ಮತ್ತೆ ನೀರಿಗೆ ಇಳಿದುಹೋಗಿದ್ದ. ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ನಮ್ಮ ಹಿರಿಯವನು ತಂದಿಟ್ಟ ಬಂಗುಡೆಗಳನ್ನು ತೊಳೆಯುತ್ತಿದ್ದೆ. ಅಪ್ಪ ತೀರಿಕೊಂಡು ವಾರವೂ ಆಗಿರಲಿಲ್ಲ. ಶಂಕ್ರಿಯ ಮಾತು ಕೇಳಿ ನನ್ನ ಕೈ ನಿಂತಿತು. ಸೂತಕ ಕಳೆದ ಮೇಲೆ ನಮ್ಮ ಅಮ್ಮನೂ ಹೀಗೆಯೇ ನೀರಿನ ಕಡೆ ತಿರುಗಿ ಕೇಳುತ್ತಾಳೆ ಎಂದು ಆಗ ಮೊದಲ ಸಲ ಅನ್ನಿಸಿತು.

ನಮ್ಮೂರನ್ನು ಕಂಡವರು ಕಡಿಮೆ, ಹಾಗಾಗಿ ಇಷ್ಟು ಹೇಳಬೇಕು. ನಮ್ಮಲ್ಲಿ ಪ್ರತಿ ಮನೆಯ ಹಿರಿಯ ಮಗ ನೀರಿನಿಂದ ಬರುತ್ತಾನೆ. ಮದುವೆಯಾದವರು ಬೇರೆ ಮನೆ ಹೂಡಿದ ಮೇಲೆ ಒಂದು ಬೆಳಿಗ್ಗೆ ಅವರ ಮೆಟ್ಟಿಲ ಮೇಲೆ ಮರಿಯೊಂದು ಹತ್ತಿ ಮಲಗಿರುತ್ತದೆ. ಅವನೇ ಹಿರಿಯವನು. ಆಮೇಲೆ ಹೊಟ್ಟೆಯಲ್ಲಿ ಹುಟ್ಟಿದವರೆಲ್ಲ ಅವನ ತಮ್ಮಂದಿರು, ತಂಗಿಯರು. ಹೊರಗಿನಿಂದ ಬಂದವರು ಕಡಲುನಾಯಿ ಎನ್ನುತ್ತಾರೆ, ಶಾಲೆ ಕಲಿತವರು ಸೀಲ್ ಎನ್ನುತ್ತಾರೆ. ನಮ್ಮೂರಿನಲ್ಲಿ ಆ ಮಾತು ಆಡಿದವರಿಗೆ ಕುಡಿಯುವ ನೀರು ಸಿಗುವುದಿಲ್ಲ. ದೋಣಿ, ಬಲೆ, ಗಾಳ ಯಾವುದೂ ನಮ್ಮಲ್ಲಿಲ್ಲ. ಹಿರಿಯವನು ತಂದದ್ದನ್ನು ಉಣ್ಣುತ್ತೇವೆ, ಉಳಿದದ್ದನ್ನು ಒಣಗಿಸಿ ಗುಡ್ಡದಾಚೆಯವರಿಗೆ ಕೊಟ್ಟು ಅಕ್ಕಿ ತರುತ್ತೇವೆ. ಹೆಣ್ಣು ನೋಡಲು ಬಂದವರು ಚಾವಡಿಗೆ ಹತ್ತುವ ಮೊದಲು ಮೆಟ್ಟಿಲಿಗೆ ಹೋಗಿ ಹಿರಿಯವನನ್ನು ಮಾತಾಡಿಸಬೇಕು. ಅವನು ಹುಡುಗನ ಕೈಗೆ ಮೂತಿ ತಾಗಿಸದೆ ನೀರಿಗಿಳಿದರೆ ಸಂಬಂಧ ಮುರಿದಂತೆ. ನನಗೆ ಬಂದ ಒಂದು ಸಂಬಂಧ ಹಾಗೆಯೇ ಮುರಿಯಿತು. ಹುಡುಗ ಕೈಗೆ ಅತ್ತರು ಹಚ್ಚಿಕೊಂಡು ಬಂದಿದ್ದ.

ನಮ್ಮ ಹಿರಿಯವನ ಹೆಸರು ಬೊಮ್ಮ. ನನಗೆ ಅಣ್ಣ. ನಾನು ಹುಟ್ಟಿದ ದಿನ ಅವನು ಹೊಸಿಲ ತನಕ ತೆವಳಿಕೊಂಡು ಬಂದು ನನ್ನ ಅಂಗಾಲಿಗೆ ಮೀಸೆ ತಾಗಿಸಿದನಂತೆ. ನಾನು ಅಳುವುದನ್ನು ನಿಲ್ಲಿಸಿದೆನಂತೆ. "ಅವತ್ತು ನಿಲ್ಸಿದವಳು ಆಮೇಲೆ ಬಾಯೇ ಬಿಡ್ಲಿಲ್ಲ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಮಾತು ಕಡಿಮೆಯವಳು, ನಿಜ. ಅಪ್ಪನ ಮನೆಯಲ್ಲಿ ಮಾತಿಗಿಂತ ಕೇಳುವುದು ಹೆಚ್ಚಿತ್ತು.

ಅಪ್ಪ ಹಮ್ಮಣ್ಣ ಊರಿನ ಓದುಗಾರ. ಸಂಜೆಯಾದರೆ ಓದುಕಟ್ಟೆಯಲ್ಲಿ ಕೂತು ಉಬ್ಬರದಮ್ಮನ ಕಥೆಯನ್ನು ರಾಗವಾಗಿ ಓದುತ್ತಿದ್ದ. ಓದು ಎಂದರೂ ಎದುರಿಗೆ ಪುಸ್ತಕ ಇರುತ್ತಿರಲಿಲ್ಲ. ಅವನಿಗೆ ಅವನ ಅಪ್ಪನ ಬಾಯಿಂದ ಬಂದದ್ದು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಪದ್ಯ ಮುಗಿದ ಮೇಲೂ ಕಲ್ಲಿನೊಳಗೆ ರಾಗ ಸ್ವಲ್ಪ ಹೊತ್ತು ಉಳಿದಿರುತ್ತದೆ; ಅದು ಪೂರ್ತಿ ಆರುವ ತನಕ ಏಳಬಾರದು ಎನ್ನುವುದು ನನ್ನದೇ ಒಂದು ನೇಮ. ಉಬ್ಬರದಮ್ಮನನ್ನು ನಾನು ಗುಡಿಗಿಂತ ಹೆಚ್ಚು ಆ ಕಂಬದ ಬುಡದಲ್ಲಿ ಕಂಡಿದ್ದೇನೆ. ಪದ್ಯದಲ್ಲಿ ಬಂದದ್ದು ಸುಳ್ಳಿರಬಹುದು ಎನ್ನುವ ಯೋಚನೆ ನನಗೆ ಎಂದೂ ಬಂದಿರಲಿಲ್ಲ.

ಅಪ್ಪ ಸತ್ತರೆ ಗಂಡುಮಕ್ಕಳು ಮೀಸೆ ತೆಗೆಸುವುದು ಎಲ್ಲ ಊರಿನಲ್ಲೂ ಇದೆ. ನಮ್ಮಲ್ಲಿಯೂ ಇದೆ. ಸೂತಕ ಕಳೆಯುವ ದಿನ ಊರಿನವರೆಲ್ಲ ದಂಡೆಯಲ್ಲಿ ಸೇರುತ್ತಾರೆ. ತಾಯಿ ಹಿರಿಯವನ ತಲೆಯನ್ನು ಮಡಿಲಲ್ಲಿ ಹಿಡಿದುಕೊಳ್ಳುತ್ತಾಳೆ, ಏಕೆಂದರೆ ಕತ್ತಿ ಹಿಡಿದವರು ಹತ್ತಿರ ಬಂದರೆ ಅವಳ ಮಡಿಲು ಬಿಟ್ಟು ಬೇರೆಲ್ಲೂ ಅವನು ನಿಲ್ಲುವುದಿಲ್ಲ. ಕ್ಷೌರದ ಹೊನ್ನಪ್ಪ ಮೀಸೆಯನ್ನು ಬುಡದಿಂದ ತೆಗೆಯುತ್ತಾನೆ. ಅದನ್ನು ಸಮಾಧಿಯ ಮರಳಿನಲ್ಲಿ ಹೂಳಿದ ಮೇಲೆಯೇ ಸತ್ತವನು ಹೊರಡುವುದು. ಹೂಳದಿದ್ದರೆ ಅವನು ಉಬ್ಬರದ ಗೆರೆಯ ಮೇಲೆ ನಿಂತೇ ಇರುತ್ತಾನೆ. ನೆಲ ಅವನನ್ನು ಒಳಗೆ ಕರೆಯುವುದಿಲ್ಲ, ನೀರೂ ಕರೆಯುವುದಿಲ್ಲ.

ಮೀಸೆ ತೆಗೆಸಿಕೊಂಡ ಹಿರಿಯವನು ಅಂದಿನಿಂದ ಬಡವಾಗುತ್ತಾನೆ. ಮನೆಗೆ ಮೀನು ತರುವುದಿಲ್ಲ, ತಾನೂ ತಿನ್ನುವುದಿಲ್ಲ. ಊರು ಅದನ್ನು ಉಪವಾಸ ಎನ್ನುತ್ತದೆ. ಕೆಲವರು ಹೇಗೋ ಉಳಿದುಕೊಳ್ಳುತ್ತಾರೆ, ಎಷ್ಟೋ ಮಂದಿ ಮೆಟ್ಟಿಲ ಮೇಲೆಯೇ ಒಂದು ಬೆಳಿಗ್ಗೆ ತಣ್ಣಗಾಗಿರುತ್ತಾರೆ. ಹಾಗೆ ಹೋದವರನ್ನು ಜೊತೆಗೆ ಹೋದವರು ಎಂದು ಕರೆದು, ಮೆಟ್ಟಿಲ ಬದಿಯಲ್ಲಿ ಕಲ್ಲು ನೆಟ್ಟು ದೀಪ ಇಡುತ್ತೇವೆ. ಅಂಥ ಕಲ್ಲಿರುವ ಮನೆಯೆಂದರೆ ದೊಡ್ಡ ಮನೆ. ಅಪ್ಪ ಆ ಭಾಗವನ್ನು ಓದುವಾಗ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು:

ಉಣ್ಣಲೊಲ್ಲನು ಹಿರಿಯ ಮಗನೀ
ಮಣ್ಣ ಸೇರಿದ ತಂದೆಯಿಲ್ಲದೆ
ಕಣ್ಣ ಮುಂದೆಯೆ ಮೀನು ಸುಳಿದರು ಬಾಯಿ ತೆರೆಯದವ

ನಾನೂ ಒರೆಸಿಕೊಂಡಿದ್ದೇನೆ.

ಶಂಕ್ರಿಯ ಮಾತು ಕೇಳಿದ ದಿನ ಮಧ್ಯಾಹ್ನ ನೀರು ಇಳಿದಾಗ ಕಲ್ಲುಗುಂಡಿಯ ಕಡೆ ಹೋದೆ. ಬಂಡೆಗಳ ನಡುವೆ ಕಡಲು ಬಿಟ್ಟುಹೋಗುವ ದೊಡ್ಡ ಹೊಂಡ ಅದು. ನೀರಿನ ಜೊತೆ ಮೀನುಗಳೂ ಸಿಕ್ಕಿಕೊಂಡಿರುತ್ತವೆ. ಮಾದೇವ ಅಲ್ಲಿದ್ದ. ಕೆಲವು ವಾರಗಳ ಹಿಂದೆ ಶಂಕ್ರಿಯ ಗಂಡ ತೀರಿಕೊಂಡಾಗ ಅವನ ಮೀಸೆ ತೆಗೆದಿದ್ದರು. ನಾನು ಬಂಡೆಯ ಹಿಂದೆ ಕೂತು, ಕಣ್ಣು ಮುಚ್ಚಿ, ಅವನ ಉಸಿರು ಕೇಳಿದೆ. ಮುಳುಗುತ್ತಾನೆ, ಏಳುತ್ತಾನೆ, ಬುಸ್ ಎಂದು ಉಸಿರು ಬಿಡುತ್ತಾನೆ, ಮತ್ತೆ ಮುಳುಗುತ್ತಾನೆ. ಮೀನು ಹಿಡಿದು ಎದ್ದವನ ಉಸಿರಿಗೆ ಒಂದು ತಡೆ ಇರುತ್ತದೆ, ಬಾಯಿ ತುಂಬಿರುವುದರಿಂದ. ಆ ತಡೆ ಒಂದು ಸಲವೂ ಕೇಳಲಿಲ್ಲ. ನೆರಳು ತಿರುಗುವ ತನಕ ಕೂತಿದ್ದೆ. ಅವನು ನಿಲ್ಲಿಸಲೇ ಇಲ್ಲ.

ಉಪವಾಸ ಇರುವವನು ಇಷ್ಟು ಸಲ ಅಡುಗೆಮನೆಗೆ ಹೋಗಿ ಬರುತ್ತಾನೆಯೇ?

ಆ ಯೋಚನೆ ಬಂದದ್ದೇ ಕೈ ಮುಗಿದೆ. ಅಮ್ಮಾ ತಾಯೇ, ತಪ್ಪಾದರೆ ನನ್ನ ಮೇಲೆ ಹಾಕು ಎಂದು ಉಬ್ಬರದಮ್ಮನಿಗೆ ಹೇಳಿ, ಮನೆಗೆ ಹೋಗಿ ಸೆರಗಿನಲ್ಲಿ ಒಂದು ಬಂಗುಡೆ ಮುಚ್ಚಿಕೊಂಡು ಬಂದೆ. ಹಿರಿಯವನಿಗೆ ಕೈಯಿಂದ ಮೀನು ಕೊಡುವುದು ನಮ್ಮಲ್ಲಿಲ್ಲ. ದುಡಿದು ತರುವ ಮಗನ ಬಾಯಿಗೆ ತುತ್ತಿಟ್ಟರೆ ನಿನ್ನ ಕೈಲಿ ಇನ್ನು ಆಗದು ಎಂದು ಮುಖಕ್ಕೆ ಹೇಳಿದಂತೆ. ನಾನು ಬಂಡೆಯ ಅಂಚಿನಲ್ಲಿ ಕೂತು ಬಂಗುಡೆಯನ್ನು ಅವನ ಮೂತಿಯ ಹತ್ತಿರ ಹಿಡಿದೆ. ಅವನು ನನ್ನನ್ನು ನೋಡಿದ. ಮರುಗಳಿಗೆ ನನ್ನ ಬೆರಳು ಖಾಲಿಯಾಗಿತ್ತು. ಅಗಿಯಲೂ ಇಲ್ಲ, ನುಂಗಿದ. ಇನ್ನೂ ಇದೆಯೇ ಎಂದು ನನ್ನ ಸೆರಗನ್ನು ಮೂಸಿದ. ಕತ್ತರಿಸಿದ ಮೀಸೆಯ ಬುಡಗಳು ನನ್ನ ಅಂಗೈಗೆ ಒರಟಾಗಿ ತಾಗಿದವು.

ಅವತ್ತು ಸಂಜೆ ಓದುಕಟ್ಟೆಗೆ ಹೋಗಿ ಕಂಬಕ್ಕೆ ಒರಗಿ ಕೂತೆ. ಓದುವವರಿರಲಿಲ್ಲ. ಬಾಯಿ ತೆರೆಯದವ, ಬಾಯಿ ತೆರೆಯದವ ಎಂದು ಅಪ್ಪನ ದನಿ ಮಾತ್ರ ತಲೆಯೊಳಗೆ ಸುತ್ತುತ್ತಿತ್ತು. ಅಪ್ಪ ಸುಳ್ಳು ಹೇಳುವವನಲ್ಲ. ಮಾದೇವನೂ ಸುಳ್ಳು ಹೇಳುವವನಲ್ಲ.

ಉತ್ತರ ಎದುರಿಗೇ ಇತ್ತು, ಎಲ್ಲರೂ ದಿನಾ ನೋಡುತ್ತಿದ್ದ ಕಡೆ. ಉಪ್ಪಿನ ಮನೆಯ ಗಿಡ್ಡಯ್ಯನ ಹಿರಿಯವನಿಗೆ ಎರಡು ಕಣ್ಣೂ ಇಲ್ಲ. ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿ ವರ್ಷಗಳಾದವು. ಊರಿನ ಹಿರಿಯವರಲ್ಲೆಲ್ಲ ಅವನೇ ದಪ್ಪ. ಗಿಡ್ಡಯ್ಯನ ಬುಟ್ಟಿ ಎಂದೂ ಬರಿದಾದದ್ದಿಲ್ಲ. "ನಮ್ಮವನಿಗೆ ದೇವಿಯೇ ಬಡಿಸ್ತಾಳೆ, ನನಗೆ ಕಟ್ಟಿಕೊಂಡ ಹೆಂಡ್ತಿಯೂ ಬಡಿಸೋದಿಲ್ಲ" ಎಂದು ಗಿಡ್ಡಯ್ಯ ನಗಿಸುತ್ತಿದ್ದ. ಕಣ್ಣಿಲ್ಲದವನು ಉಣ್ಣುತ್ತಾನೆ, ಕಣ್ಣಿದ್ದೂ ಮೀಸೆ ಇಲ್ಲದವನು ಹಸಿದಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನಾವು ನೋಡಿರಲಿಲ್ಲ, ಒಂದು ದೇವಿಯ ಮಹಿಮೆ, ಇನ್ನೊಂದು ಮಗನ ಭಕ್ತಿ ಎಂದು ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೆವು.

ಮರುದಿನ ನಾನು ಊರ ಯಜಮಾನ ಕುಪ್ಪಯ್ಯನವರ ಮನೆಗೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ತಮ್ಮ ಹಿರಿಯವನ ಬೆನ್ನನ್ನು ತೆಂಗಿನ ಸಿಪ್ಪೆಯಿಂದ ಉಜ್ಜುತ್ತಿದ್ದರು.

"ಬಾ ಭಾಗಿ, ಕೂತ್ಕೋ. ಅಮ್ಮ ಉಣ್ತಾಳಾ ಸರಿಯಾಗಿ?"

"ಉಣ್ತಾಳೆ. ಯಜಮಾನರೇ, ಅಣ್ಣನ ಮೀಸೆ ತೆಗೀಬಾರದು."

ಅವರ ಕೈ ನಿಂತಿತು. "ನೀನು ಬಾಯಿ ಬಿಟ್ಟಿದ್ದನ್ನೇ ನಾನು ಕಂಡಿದ್ದಿಲ್ಲ ಮಾರಾಯ್ತಿ. ಬಿಟ್ಟ ಮೇಲೆ ಬಂದದ್ದು ಇದಾ?"

ನಾನು ಮಾದೇವನ ವಿಷಯ ಹೇಳಿದೆ, ಗಿಡ್ಡಯ್ಯನವನ ವಿಷಯ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿದರು. ಕೊನೆಗೆ ತಮ್ಮ ಬಿಳಿ ಮೀಸೆಯನ್ನು ತಿರುವಿ ನಕ್ಕರು. "ಮೀಸೆ ಅಂದ್ರೆ ಬೆಳೀತದೆ. ನನ್ನ ಅಪ್ಪ ಹೋದಾಗ ನಂದೂ ತೆಗೆದ್ರು. ಈಗ ನೋಡು, ಹಾಳಾಗಿದ್ದೇನಾ?"

"ನೀವು ಮೀಸೆಯಿಂದ ಊಟ ಹುಡುಕ್ಬೇಕಾಗಿರಲಿಲ್ಲ."

ಅವರ ನಗು ಇಳಿಯಿತು. ಮೆಟ್ಟಿಲ ಬದಿಯಲ್ಲಿ ಎಣ್ಣೆ ಹಿಡಿದು ಕಪ್ಪಾದ ಕಲ್ಲೊಂದಿತ್ತು. ಅವರ ತಂದೆಯ ಜೊತೆಗೆ ಹೋದ ಅಣ್ಣನದು, ತಂದೆಯ ಮನೆಯಿಂದ ತಂದು ನೆಟ್ಟದ್ದು. ಅವರು ಅದರ ಕಡೆ ನೋಡಿದರು. "ಅಣ್ಣನ ಹೊಟ್ಟೆ ಬೆನ್ನಿಗೆ ಅಂಟಿತ್ತು ಭಾಗಿ, ಹೋಗುವಾಗ. ನಾನು ಪಕ್ಕದಲ್ಲಿ ಕೂತು ಕೈ ಮುಗೀತಾ ಇದ್ದೆ. ಹಸಿವು ಅಂತೀಯಾ ಅದನ್ನ? ಪಕ್ಕದಲ್ಲಿ ನನ್ನವನು ತಂದ ಮೀನಿನ ಬುಟ್ಟಿ ಇಟ್ಕೊಂಡು ನಾನು ಕೈ ಮುಗೀತಾ ಕೂತಿದ್ದೆ ಅಂತೀಯಾ? ಬೇಡ. ಆ ಮಾತು ನನ್ನ ಮೆಟ್ಟಿಲ ಮೇಲೆ ಆಡಬೇಡ."

"ಹಾಗಾದ್ರೆ ನನ್ನ ಕೂದಲು ತೆಗೀರಿ. ಪೂರ್ತಿ ತೆಗೀರಿ. ಅದನ್ನೇ ಹೂಳಿ."

"ಮಗಳ ಕೂದಲು ಆ ದಾರಿಗೆ ಆಗೋದಿಲ್ಲ ತಾಯಿ." ಮತ್ತೆ ಸಿಪ್ಪೆ ಕೈಗೆತ್ತಿಕೊಂಡರು. "ನನ್ನ ಹತ್ರ ಕೇಳಿ ಏನು ಸಿಗ್ತದೆ? ತಲೆ ಹಿಡಿಯೋದು ದೇವಕ್ಕ. ಅವಳು ಹಿಡಿದ್ರೆ ಹೊನ್ನಪ್ಪ ತೆಗೀತಾನೆ. ಅವಳು ಹಿಡೀದಿದ್ರೆ ಯಾರೂ ತೆಗೆಯೋಕಾಗಲ್ಲ. ಆದ್ರೆ ನಿನ್ನ ಅಮ್ಮನ್ನ ನಾನು ಬಲ್ಲೆ. ಹಮ್ಮಣ್ಣನಿಗೆ ಮಾಡಬೇಕಾದ್ದನ್ನು ಅವಳು ಬಿಡೋದಿಲ್ಲ."

ದೇವಕ್ಕ ಎಂದರೆ ನನ್ನ ಅಮ್ಮ. ಅವರು ಹೇಳಿದ್ದು ಸರಿಯೇ ಇತ್ತು. ಆದರೂ ಮನೆಗೆ ಬರುವ ದಾರಿಯಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ: ಅಮ್ಮನಿಗೆ ಹೇಳುವುದಲ್ಲ, ತೋರಿಸುವುದು. ಹೇಳಿದ್ದನ್ನು ಇನ್ನೊಂದು ಮಾತು ಅಳಿಸುತ್ತದೆ, ಪದ್ಯವಂತೂ ಸುಲಭವಾಗಿ ಅಳಿಸುತ್ತದೆ.

ಚಿಕ್ಕಂದಿನಲ್ಲಿ ನಾನೂ ಅಣ್ಣನೂ ಕಲ್ಲುಗುಂಡಿಯಲ್ಲಿ ಆಡುತ್ತಿದ್ದ ಆಟವೊಂದಿತ್ತು. ಉದ್ದದ ಕೋಲಿನ ತುದಿಗೆ ತೆಂಗಿನ ಚಿಪ್ಪು ಕಟ್ಟಿ ನಾನು ನೀರಿನಲ್ಲಿ ಸರ್ರನೆ ಎಳೆದು ಎತ್ತಿಬಿಡುತ್ತಿದ್ದೆ. ಅವನು ಚಿಪ್ಪು ಹೋದ ದಾರಿಯಲ್ಲೇ ಬರುತ್ತಿದ್ದ. ಅವನು ಕಳ್ಳ, ಕದ್ದು ನೋಡುತ್ತಾನೆ ಎಂದು ನಾನು ಜಗಳವಾಡುತ್ತಿದ್ದೆ. ಈಗ ಅದೇ ಕೋಲು ಹುಡುಕಿದೆ. ಅಪ್ಪನ ರುಮಾಲನ್ನು ನೆನೆಸಿ ಅಣ್ಣನ ಕಣ್ಣಿಗೆ ಬಿಗಿಯಾಗಿ ಕಟ್ಟಿದೆ. ಅಪ್ಪನ ಬೆವರಿನ ವಾಸನೆಗೋ ಏನೋ ಅವನು ಮಿಸುಕಲಿಲ್ಲ. ಅಮ್ಮನನ್ನು ಕರೆದೆ. ಬರುವುದಿಲ್ಲ ಎಂದಳು. ಸ್ವಲ್ಪ ಹೊತ್ತಿಗೆ ಕಟ್ಟಿಗೆ ಆಯುವ ನೆವದಲ್ಲಿ ಬಂದು ಮೇಲಿನ ಬಂಡೆಯ ಮೇಲೆ ನಿಂತಳು. ನಾನು ತಿರುಗಿ ನೋಡಲಿಲ್ಲ.

ಚಿಪ್ಪನ್ನು ನೀರಿನಲ್ಲಿ ನೇರ ಎಳೆದೆ, ಎಡಕ್ಕೆ ಬಾಗಿಸಿದೆ, ದೊಡ್ಡ ಬಂಡೆಯನ್ನು ಸುತ್ತಿಸಿ ಆಚೆ ದಡದಲ್ಲಿ ಎತ್ತಿಬಿಟ್ಟೆ. ನೀರು ಮೇಲೆ ಸಮ ಆಯಿತು, ಏನೂ ನಡೆದೇ ಇಲ್ಲ ಎನ್ನುವಂತೆ. ಆಗ ಅಣ್ಣನ ಬೆನ್ನು ತಟ್ಟಿದೆ. ಅವನು ಸದ್ದಿಲ್ಲದೆ ಜಾರಿದ. ನೀರಿಗಿಳಿದ ಕೂಡಲೇ ಅವನ ಮೀಸೆ ಹಿಂದಿನಿಂದ ಮುಂದಕ್ಕೆ ಬಂದು, ಬಾಚಣಿಗೆಯ ಹಲ್ಲಿನ ಹಾಗೆ ಹರಡಿ, ಹಾಗೆಯೇ ನಿಂತಿತು. ಅಷ್ಟು ವೇಗಕ್ಕೆ ಯಾವ ಕೂದಲಾದರೂ ಅದುರಬೇಕು, ಅದು ಅದುರಲಿಲ್ಲ. ಮೊದಲು ಅವನು ದಾರಿಗೆ ಅಡ್ಡವಾಗಿ ಹೋದ. ಗೆರೆ ದಾಟಿದ್ದೇ ತಲೆ ಛಕ್ಕನೆ ಹೊರಳಿತು. ನೇರ ಹೋದ, ನಾನು ಬಾಗಿಸಿದ ಕಡೆ ಬಾಗಿದ, ಬಂಡೆಯನ್ನು ಸುತ್ತಿದ, ನಾನು ಚಿಪ್ಪು ಎತ್ತಿದ ಜಾಗದಲ್ಲೇ ಮೂತಿ ಮೇಲೆತ್ತಿ ನನ್ನನ್ನು ಕೇಳಿದ, ಎಲ್ಲಿ ಎಂದು.

ಮೀನು ಹೋದ ಮೇಲೂ ಅದರ ಸುಳಿ ನೀರಿನಲ್ಲಿ ಉಳಿದಿರುತ್ತದೆ, ಓದು ನಿಂತ ಮೇಲೆ ಕಲ್ಲಿನಲ್ಲಿ ರಾಗ ಉಳಿಯುವ ಹಾಗೆ. ನಮ್ಮ ಕಣ್ಣಿಗೆ ಕಾಣದ ಆ ದಾರಿಯನ್ನು ಅವನು ಮೀಸೆಯಿಂದ ಕೇಳುತ್ತಾನೆ. ಅಷ್ಟಕ್ಕೇ ಮುಗಿಯಲಿಲ್ಲ. ಮರಳಿ ಬರುವಾಗ ಬರಿ ಮರಳಿನ ಮೇಲೆ ಅವನು ತಡೆದ. ಅಲ್ಲಿ ಏನೂ ಇರಲಿಲ್ಲ, ನಾನು ಕಣ್ಣಗಲಿಸಿ ನೋಡಿದೆ. ಅವನು ಮೀಸೆಯನ್ನು ಮರಳಿಗೆ ತಾಗಿಯೂ ತಾಗದಂತೆ ಇಳಿಸಿ ಒಂದು ಕ್ಷಣ ನಿಂತು, ಮೂತಿಯಿಂದ ಬಗೆದ. ಮರಳಡಿಗೆ ಚಪ್ಪಟೆಯಾಗಿ ಮಲಗಿದ್ದ ನಂಗು ಮೀನು ಅವನ ಬಾಯಲ್ಲಿ ಬಡಿದಾಡಿತು. ಮರಳಿನ ಕೆಳಗೆ ಅದು ಬಿಟ್ಟ ಉಸಿರನ್ನೂ ಅವನ ಮೀಸೆ ಬಿಟ್ಟಿರಲಿಲ್ಲ. ಕಣ್ಣಿಗೆ ಕಟ್ಟಿದ ರುಮಾಲು ಹಾಗೆಯೇ ಇತ್ತು. ಮೀನನ್ನು ಅವನು ತಿನ್ನಲಿಲ್ಲ. ತೆವಳಿಕೊಂಡು ಮೇಲೆ ಹತ್ತಿ ಅಮ್ಮ ನಿಂತಿದ್ದ ಬಂಡೆಯ ಬುಡದಲ್ಲಿ ಇಟ್ಟ. ಅಮ್ಮ ಅಲ್ಲಿದ್ದಾಳೆ ಎಂದು ಅವನಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ಅಮ್ಮ ಆ ನಂಗನ್ನು ಕೊಯ್ದಳು, ಉಪ್ಪು ಸವರಿದಳು, ಒಲೆಯ ಮುಂದೆ ಕೂತಳು.

"ನೋಡಿದೆ" ಎಂದಳು ಕೊನೆಗೆ. "ಯಜಮಾನರ ಹತ್ರ ನೀನು ಹೇಳಿದ್ದನ್ನು ಅವರೇ ನನಗೆ ಹೇಳಿದ್ರು. ಅದು ಸುಳ್ಳಲ್ಲ."

ನನಗೆ ಉಸಿರು ಬಂತು. ಆದರೆ ಅವಳು ನನ್ನ ಕಡೆ ತಿರುಗಲಿಲ್ಲ.

"ಮೀಸೆ ಬೆಳೆಯೋವರೆಗೆ ನಾವೇ ಕೈಯಿಂದ ಕೊಟ್ರೆ? ನೀನು ಮಾದೇವನಿಗೆ ಕೊಟ್ಟ ಹಾಗೆ?" ಎಂದಳು.

"ಎಲ್ಲಿಂದ ಕೊಡೋದು ಅಮ್ಮ? ತರುವವನು ಅಣ್ಣನೇ. ಅವನು ತರದಿದ್ರೆ ಮಾದೇವನಿಗೂ ಇಲ್ಲ, ಅವನಿಗೂ ಇಲ್ಲ. ಇನ್ನೊಬ್ಬರ ಮನೆಯ ಹಿರಿಯವನಿಗೆ ಮೀನು ಕೊಡೋರು ಈ ಊರಲ್ಲಿ ಯಾರಿದ್ದಾರೆ?"

ಅವಳಿಗೂ ಗೊತ್ತಿತ್ತು. ಒಲೆಗೆ ಕಟ್ಟಿಗೆ ದೂಡಿದಳು. "ನಿನ್ನ ಅಪ್ಪ ಅಲ್ಲಿ ನಿಂತಿರ್ತಾರೆ ಭಾಗಿ. ಆ ಚಳಿ ಗಾಳಿಯಲ್ಲಿ. ಅವರಿಗೆ ಮಂಡಿ ನೋವು. ಓದುಕಟ್ಟೆಯಿಂದ ಮನೆಗೆ ಬರೋವಾಗಲೇ ದಾರಿಯಲ್ಲಿ ಕೂತು ಕೂತು ಬರೋರು. ಇವನನ್ನು ಉಳಿಸ್ಕೊಂಡ್ರೆ ಅವರನ್ನು ನಿಲ್ಲಿಸಿದ ಹಾಗೆ. ಅವರು ಕೈಹಿಡಿದ ಗಂಡ. ಇವನು ಮಗ. ನನ್ನನ್ನು ಎಂತ ಮಾಡು ಅಂತೀಯಾ ನೀನು?"

ಅಪ್ಪ ಅಲ್ಲಿ ನಿಂತಿರುವುದಿಲ್ಲ, ಅದೂ ಸುಳ್ಳು ಎಂದು ಹೇಳಿಬಿಡಬಹುದಾಗಿತ್ತು. ನಾನು ಹೇಳಲಿಲ್ಲ. ನಾನೂ ನಂಬಿದ್ದೆ, ಈಗಲೂ ನಂಬುತ್ತೇನೆ. ಅದನ್ನು ಸುಳ್ಳು ಮಾಡುವ ಕೋಲು, ಚಿಪ್ಪು ನನ್ನ ಹತ್ತಿರ ಇರಲಿಲ್ಲ. "ಅಣ್ಣ ಸಾಯಬಾರದು" ಎಂದಷ್ಟೇ ಹೇಳಿದೆ. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ, ಮಲಗುವ ಮುಂಚೆ, ಅನ್ನ ಬಡಿಸುವಾಗ, ಅದೊಂದೇ ಮಾತನ್ನು ಹೇಳುತ್ತಾ ಬಂದೆ. ಅಮ್ಮ ಬೈದಳು, ಅತ್ತಳು, ಕಿವಿ ಮುಚ್ಚಿಕೊಂಡಳು. "ಬಾಯಿಲ್ಲದವಳು ಅಂದ್ಕೊಂಡಿದ್ದೆ ನಿನ್ನನ್ನ!" ಎಂದಳು. ನಾನು ಹೇಳುವುದನ್ನು ಬಿಡಲಿಲ್ಲ.

ಈ ನಡುವೆ ಮಾದೇವನಿಗೆ ದಿನವೂ ನನ್ನ ಸೆರಗಿನಲ್ಲಿ ಮೀನು ತಲುಪುತ್ತಿತ್ತು. ಅವನು ಸ್ವಲ್ಪ ಗೆಲುವಾದ. ಅದು ಬಾವಿಕಟ್ಟೆಯಲ್ಲಿ ದೊಡ್ಡ ಸುದ್ದಿಯಾಯಿತು. "ನಿನ್ನ ಮಗ ನಿನ್ನೆ ಅಲೆಯಲ್ಲಿ ಆಡ್ತಾ ಇದ್ದನಲ್ಲ ಶಂಕ್ರಿ? ದುಃಖ ಮುಗೀತಾ ಇಷ್ಟು ಬೇಗ?" ಎಂದಳು ಒಬ್ಬಳು. "ಅಪ್ಪ ಹೋದ್ನಲ್ಲಾಂತ ಬೆಲ್ಲ ಹಂಚೋದೊಂದು ಬಾಕಿ ಬಿಡು" ಎಂದಳು ಇನ್ನೊಬ್ಬಳು. ಶಂಕ್ರಿ ಕೊಡ ಅಲ್ಲೇ ಬಿಟ್ಟು ನಡೆದಳು. ಅವಳು ನೇರ ಬಂದದ್ದು ಕಲ್ಲುಗುಂಡಿಗೆ. ಅಲ್ಲಿ ನಾನು ಬಂಡೆಯಂಚಿನಲ್ಲಿ ಕೈ ಚಾಚಿ ಕೂತಿದ್ದೆ, ಮಾದೇವನ ಬಾಯಿಂದ ಮೀನಿನ ಬಾಲ ಹೊರಗಿತ್ತು.

"ಅಯ್ಯೋ ಪಾಪಿ" ಎಂದಳು ಶಂಕ್ರಿ. "ನನ್ನ ಮಗನ ವ್ರತ ಕೆಡಿಸಿದೆಯಲ್ಲೇ!"

ನಾನು ಏಳಲಿಲ್ಲ. ಇನ್ನೊಂದು ಮೀನು ಉಳಿದಿತ್ತು. ಅದನ್ನು ಅವಳ ಕಡೆ ಹಿಡಿದೆ. "ನೀವೇ ಕೊಡಿ ಅಕ್ಕಾ. ವ್ರತದಲ್ಲಿದ್ರೆ ತಗೊಳ್ಳೋದಿಲ್ಲ."

ಅವಳು ನನ್ನ ಕೈಯಿಂದ ಮೀನು ಕಿತ್ತುಕೊಂಡಳು, ನನ್ನ ಮುಖದ ಮೇಲೆ ಎಸೆಯುವವಳ ಹಾಗೆ. ಎಸೆಯಲಿಲ್ಲ. ಮಾದೇವ ಅವಳ ಕಾಲಿನ ತನಕ ತೆವಳಿ ಬಂದು, ಕತ್ತೆತ್ತಿ, ಬಾಯಿ ತೆರೆದು ಕಾದ. ಅಷ್ಟು ಅಗಲವಾಗಿ ತೆರೆದ ಬಾಯನ್ನು ನಾನು ಕಂಡಿಲ್ಲ. ಶಂಕ್ರಿಯ ಕೈ ತಾನೇ ಇಳಿಯಿತು. ಅವನು ತಿಂದ ಮೇಲೆ ಅವಳು ಬಂಡೆಯ ಮೇಲೆ ಕುಸಿದು ಕೂತಳು. "ನನ್ನ ತವರಿನಲ್ಲಿ ಒಬ್ಬನಿದ್ದ" ಎಂದಳು. "ನನ್ನನ್ನು ಬೆನ್ನ ಮೇಲೆ ಕೂರಿಸ್ಕೊಂಡು ಈಜೋನು. ಅಪ್ಪ ಹೋದ ಮೇಲೆ ಮೆಟ್ಟಿಲ ಮೇಲೆ ಬಂದು ಬಂದು ಬಾಯಿ ತೆರೀತಿದ್ದ. ಅಳ್ತಾ ಇದ್ದಾನೆ ಅಂತ ನಾನೂ ಕೂತು ಅತ್ತೆ." ನೀರು ಏರಿ ನಮ್ಮ ಪಾದ ಮುಟ್ಟಿದಾಗ ಎದ್ದೆವು.

ಸೂತಕ ಕಳೆಯುವ ದಿನ ಬಂತು. ದಂಡೆಯಲ್ಲಿ ಊರೆಲ್ಲ ಸೇರಿತು. ಹೊನ್ನಪ್ಪ ಕತ್ತಿಯನ್ನು ಅಂಗೈಗೆ ಮಸೆಯುತ್ತಾ ನಿಂತಿದ್ದ, ಪಾಪದ ಮನುಷ್ಯ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಮ್ಮ ಮಿಂದು ಬಿಳಿಸೀರೆಯುಟ್ಟು ಬಂದು ಅಪ್ಪನ ಸಮಾಧಿಯ ಪಕ್ಕ ಮರಳಿನ ಮೇಲೆ ಕಾಲು ಚಾಚಿ ಕೂತಳು. "ಬೊಮ್ಮಾ" ಎಂದು ಕರೆದಳು. ಅಣ್ಣ ಅಲೆಯಿಂದ ಎದ್ದು, ಒದ್ದೆ ಮೈಗೆ ಮರಳು ಮೆತ್ತಿಕೊಂಡು ಬಂದು, ಅಮ್ಮನ ಮಡಿಲಿಗೆ ತಲೆ ಇಟ್ಟ. ಅವಳು ಎರಡು ಕೈಯಿಂದ ಅವನ ತಲೆ ಹಿಡಿದುಕೊಂಡಳು.

"ಓದುಗಾರನಿಲ್ಲ" ಎಂದರು ಕುಪ್ಪಯ್ಯ. "ಪೂರ್ತಿ ಬರೋದು ಭಾಗಿಗೆ ಮಾತ್ರ. ಹೇಳು ಮಗಳೇ, ನಿನ್ನ ಅಪ್ಪನಿಗಾಗಿ."

ನಾನು ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹಾಡಿದೆ. ಮೊದಲ ಸಾಲಿಗೇ ಜನ ತಲೆ ತಗ್ಗಿಸಿದರು. ದನಿ ಅಪ್ಪನದರ ಹಾಗೆಯೇ ಇತ್ತಂತೆ. ಉಣ್ಣಲೊಲ್ಲನು ಹಿರಿಯ ಮಗನೀ, ಮಣ್ಣ ಸೇರಿದ ತಂದೆಯಿಲ್ಲದೆ. ಮೂರನೆಯ ಸಾಲು ನಾಲಿಗೆಯ ತುದಿಗೆ ಬಂತು. ನಾನು ಬಾಯಿ ಮುಚ್ಚಿದೆ.

"ಮರೆತೆಯಾ?" ಎಂದರು ಯಾರೋ.

"ಮರೆತಿಲ್ಲ. ಈ ಸಾಲು ಹೇಳೋಕಾಗಲ್ಲ. ಮಾದೇವ ಬಾಯಿ ತೆರೆದ. ನಾನು ಮೀನು ಕೊಟ್ಟೆ, ತಿಂದ."

ಗುಂಪಿನಲ್ಲಿ ಗದ್ದಲ ಎದ್ದಿತು. ಥೂ ಎಂದರು, ಅಪ್ಪನ ಸಮಾಧಿಯ ಮುಂದೆ ಎಂಥ ಮಾತು ಎಂದರು. ಆಗ ಹಿಂದಿನಿಂದ ಶಂಕ್ರಿ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಮುಂದೆ ಬಂದಳು. "ನಾನೂ ಕೊಟ್ಟೆ" ಎಂದಳು. "ನನ್ನ ಕೈಯಾರೆ ಕೊಟ್ಟೆ, ತಿಂದ. ಏನು ಮಾಡ್ತೀರಿ? ಬಾವಿಕಟ್ಟೆಯಲ್ಲಿ ಇನ್ನೆರಡು ಮಾತು ಆಡ್ತೀರಿ ಅಷ್ಟೇ ಅಲ್ವಾ? ಆಡಿ! ದೇವಕ್ಕಾ, ಅವರು ಹಸಿದು ಸಾಯ್ತಾರೆ. ದುಃಖಕ್ಕಲ್ಲ. ನನ್ನ ತವರಿನವನೂ ಹಸಿದೇ ಸತ್ತ."

ಕುಪ್ಪಯ್ಯ ಕೈ ಎತ್ತಿದರು. ಗದ್ದಲ ಇಳಿಯಿತು. ಅವರ ಮುಖ ಬಿಳಿಚಿಕೊಂಡಿತ್ತು, ಆದರೆ ದನಿ ಏರಿಸಲಿಲ್ಲ. "ಅದೆಲ್ಲ ಆಮೇಲೆ ಮಾತಾಡೋಣ. ದೇವಕ್ಕ, ಉಬ್ಬರ ಏರ್ತಾ ಇದೆ. ಹಮ್ಮಣ್ಣ ಕಾಯ್ತಿದ್ದಾನೆ. ಹುಡುಗನ ಮುಖ ಹೊನ್ನಪ್ಪನ ಕಡೆ ತಿರುಗಿಸು, ತಾಯಿ."

ಅಣ್ಣ ಕಣ್ಣು ಮುಚ್ಚಿ ಮಲಗಿದ್ದ. ಅಮ್ಮನ ಮುಖ ಅವನ ಮೇಲೆ ಬಾಗಿತ್ತು; ಅವನ ಮೀಸೆ ಮುಂದಕ್ಕೆ ಬಂದು ಅವಳ ಕೆನ್ನೆಯನ್ನು, ಹಣೆಯನ್ನು, ಕುಂಕುಮ ಅಳಿಸಿದ ಜಾಗವನ್ನು ಮೆಲ್ಲಗೆ ಸವರಿತು. ಅಮ್ಮ ತಲೆಯೆತ್ತಿ ಉಬ್ಬರದ ಗೆರೆಯ ಕಡೆ ನೋಡಿದಳು. ಅಲ್ಲಿ ಯಾರನ್ನು ಕಂಡಳೋ ನಾನು ಕೇಳಿಲ್ಲ. ಮಾತು ನೆಟ್ಟಗೆ ಬಂತು.

"ಕಾಯಲಿ" ಎಂದಳು. "ಮಂಡಿ ನೋವಾದ್ರೆ ಅಲ್ಲೇ ಕೂತ್ಕೊಳ್ಳಲಿ. ನಾನು ಹೋಗುವಾಗ ಜೊತೆಗೆ ಕರ್ಕೊಂಡು ಹೋಗ್ತೇನೆ."

"ದೇವಕ್ಕ, ಏನು ಮಾತಾಡ್ತಾ ಇದ್ದೀಯ ಅಂತ ಗೊತ್ತಾ? ತಲೆ ಕೊಡು."

ಅಮ್ಮ ಸೆರಗು ಎಳೆದು ಅಣ್ಣನ ಮುಖ ಮುಚ್ಚಿದಳು.

"ಕೊಡೋದಿಲ್ಲ."